ನಾಲ್ಕನೆಯ ಸಾಲು

ಮುಟ್ಟಿದ ಮೇಲೆ ಗೊತ್ತಾಯಿತು, ಬಣ್ಣ ಇನ್ನೂ ಆರಿರಲಿಲ್ಲ. ಕಳಕೇಶ ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದ. ಬೆಳ್ಳಿ ಬಣ್ಣ. ಟ್ರ್ಯಾಕ್ಟರಿನ ಟ್ರೇಲರಿಗೆ, ಶಾಲೆಯ ಗೇಟಿಗೆ, ನೀರಿನ ಟಾಕಿಯ ಏಣಿಗೆ ಬಳಿಯುವ ಅದೇ ಬೆಳ್ಳಿ ಬಣ್ಣ.

"ಮುಟ್ಟಬ್ಯಾಡಪಾ, ಸಂಜಿ ಮಟ ಹಸೀನ ಇರತೈತಿ ಅಂದಾನ ಪೇಂಟರ," ಎಂದ ದೊಡ್ಡಪ್ಪ ಪಕ್ಕೀರಪ್ಪ, ಹಿಂದಿನಿಂದ. "ಹೆಂಗೈತಿ ಹೇಳು."

ಹೇಗಿದೆ ಎಂದು ಹೇಳುವುದು ಕಷ್ಟವಿತ್ತು. ಹುಣಸೆಮರದ ಬುಡದಲ್ಲಿ ಅರ್ಧ ಹೂತು, ಎಮ್ಮೆಗಳು ಮೈ ತಿಕ್ಕಿಕೊಳ್ಳುತ್ತಿದ್ದ ವೀರಗಲ್ಲು ಈಗ ಸಿಮೆಂಟಿನ ಕಟ್ಟೆಯ ಮೇಲೆ ಆಳೆತ್ತರ ನಿಂತಿತ್ತು. ಕೆಳಗಿನ ಪಟ್ಟಿಯಲ್ಲಿ ದನಗಳಿಗೆ ಹಳದಿ. ನಡುವಿನ ಪಟ್ಟಿಯಲ್ಲಿ ವೀರನನ್ನು ಸ್ವರ್ಗಕ್ಕೆ ಎತ್ತಿಕೊಂಡು ಹೋಗುವ ಅಪ್ಸರೆಯರಿಗೆ ಗುಲಾಬಿ ಸೀರೆ. ವೀರನಿಗೆ ಹುರಿಮೀಸೆ, ರೆಪ್ಪೆಯಿಲ್ಲದ ದೊಡ್ಡ ಬಿಳಿ ಕಣ್ಣು. ಪಟ್ಟಿಗಳ ನಡುವೆ ಅಕ್ಷರಗಳಿದ್ದಲ್ಲಿ ಬರೀ ಬೆಳ್ಳಿ.

ಅವನ ಹೆಗಲ ಚೀಲದಲ್ಲಿ ಕಾಗದದ ಸುರುಳಿ, ಬಿರುಸು ಕೂದಲಿನ ಬ್ರಷ್ಷು, ಮಸಿಯ ಡಬ್ಬಿ ಇದ್ದವು. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿದರೆ ಕೊರೆದ ಅಕ್ಷರಗಳಷ್ಟೇ ಬೆಳ್ಳಗೆ ಉಳಿಯುತ್ತವೆ. ರಾತ್ರಿ ತಡವಾಗಿ ಊರು ಸೇರಿದವನು ಅದಕ್ಕೆಂದೇ ಬಸ್ಸಿಗೆ ಮೊದಲು ಎದ್ದು ಬಂದಿದ್ದ. ಇವತ್ತು ಇತಿಹಾಸ ಎಂ.ಎ.ಯ ಕೊನೆಯ ವರ್ಷ ಶುರು. ಕಿರುಪ್ರಬಂಧದ ಗೈಡ್ ಲಲಿತಾ ಮೇಡಂ ಮೊದಲ ದಿನವೇ ಈ ಕಲ್ಲಿನ ಅಚ್ಚು ತರಲು ಹೇಳಿದ್ದರು.

"ದೊಡ್ಡಪ್ಪ, ಅಕ್ಷರ ಎಲ್ಲಿ ಹೋದ್ವು?"

"ಅಕ್ಷರಾ?" ಪಕ್ಕೀರಪ್ಪ ಕಲ್ಲಿನತ್ತ ಪ್ರೀತಿಯಿಂದ ನೋಡಿದ. "ಗೆರಿ ಗೆರಿ ಆಗಿ ಬಣ್ಣ ಹಿಡಿಯಾಕ ಒಲ್ಲೆ ಅಂತಪಾ. ಗ್ರಾನೈಟ್ ಕೆಲಸದಾವನ್ನ ಕರಸಿ ಮಷೀನ ಹಚ್ಚಿಸಿ ನುಣ್ಣಗ ಮಾಡಿಸಿದ್ವಿ. ಮಾರಿ ಬರ‍್ಯಾಕ ಬಣ್ಣದ ಗೊಂಬಿ ಮಾಡೂ ಕಿನ್ನಾಳದಿಂದ ಪೇಂಟರ ಬಂದಾನ, ಹಂಗ ಹಿಂಗ ಅಲ್ಲ. ನೀನ ಹೇಳಿದ್ದೆಲ್ಲ, ಭಾಳ ದೊಡ್ಡದೈತಿ ಇದು ಅಂತ."

ಹೌದು, ಅವನೇ ಹೇಳಿದ್ದ.

ಹಿಂದಿನ ರಜೆಯಲ್ಲಿ, ಹನುಮಪ್ಪನ ಗುಡಿಯ ಮುಂದೆ, ನಾಲ್ಕು ಮಂದಿಯ ಎದುರು ದೊಡ್ಡಪ್ಪ ಕೇಳಿದ್ದ: "ಹಿಸ್ಟ್ರಿ ಅಂದ್ರ ಏನ್ ಓದ್ತೀರೋ ತಮ್ಮಾ ಅಲ್ಲಿ?" ಎಂದಿನಂತೆ "ಹಿಂಗ ಏನೇನೋ" ಎಂದು ಜಾರಿಕೊಳ್ಳಬಹುದಿತ್ತು. ಅವತ್ತು ಏನು ತಿಳಿಯಿತೋ, ಎಲ್ಲರನ್ನೂ ಹುಣಸೆಮರದ ಬುಡಕ್ಕೆ ಕರೆದೊಯ್ದು, ಕಲ್ಲಿಗೆ ಒಂದು ಕೊಡ ನೀರು ಸುರಿದು, ನೆಲದ ಮೇಲಿದ್ದ ಮೂರು ಸಾಲುಗಳನ್ನು ಗಟ್ಟಿಯಾಗಿ ಓದಿದ್ದ. ಇಂಥ ದೊರೆ ಆಳುತ್ತಿರಲು, ಈ ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗಲು, ಅಡ್ಡ ನಿಂತು, ಇರಿದು, ಬಿದ್ದು.

ಪ್ರತಿ ಸಾಲು ಮುಗಿದಾಗಲೂ ಮಂದಿ "ಹ್ಞಾಂ" ಎಂದರು.

ಆ ಹ್ಞಾಂ ಅವನಿಗೆ ಗೊತ್ತಿತ್ತು. ಶ್ರಾವಣದಲ್ಲಿ ಗುಡಿಯೊಳಗೆ ಪುರಾಣ ಹಚ್ಚಿದಾಗ, ಶಾಸ್ತ್ರಿಗಳು ಒಂದು ಪದ್ಯ ಹಾಡಿ ಅರ್ಥಕ್ಕೆ ತಿರುಗುವ ಮುನ್ನ ಇಡೀ ಗುಡಿ ಉಸಿರು ಬಿಟ್ಟಂತೆ ಏಳುವ ಹ್ಞಾಂ. ಅವ್ವನ ತೊಡೆಯ ಮೇಲೆ ಮಲಗಿ, ಪದ್ಯ ತಿಳಿಯದೆ ಆ ಸದ್ದನ್ನಷ್ಟೇ ಕೇಳುತ್ತ ನಿದ್ದೆ ಹೋಗುತ್ತಿದ್ದ. ದೊಡ್ಡವನಾಗಿ ಗುಡಿಗೆ ಹೋಗುವುದನ್ನು ಬಿಟ್ಟ. ಈಗ ಅದೇ ಹ್ಞಾಂ ತನ್ನ ಮಾತಿಗೆ ಬಂದಾಗ ಎದೆಯೊಳಗೆ ಏನೋ ಉಬ್ಬಿತು. "ಏಳುನೂರು ವರ್ಷ," ಎಂದ. ಅಷ್ಟು ಸಾಲದೆಂದು, "ಇದರ ಮುಂದ ನಮ್ಮ ಊರಾಗ ಯಾವುದೂ ದೊಡ್ಡದಿಲ್ಲ," ಎಂದೂ ಸೇರಿಸಿದ.

"ಹೆಸರೇನೋ ಆತಂದು?" ಎಂದು ಕೇಳಿದ್ದಳು ಅವ್ವ ಹಂಪವ್ವ.

"ನಾಲ್ಕನೇ ಸಾಲಿನಾಗ ಇರತೈತಿ. ಅದು ಮಣ್ಣಾಗ ಹೂತೈತಿ. ಮುಂದಿನ ರಜಾಕ್ಕ ಬಂದಾಗ ಓದ್ತೀನಿ."

ಈ ರಜೆಯನ್ನು ಅವನು ಗಂಗಾವತಿಯ ಅಕ್ಕನ ಮನೆಯಲ್ಲಿ ಕೂಲರಿನ ಮುಂದೆ ಮಲಗಿ ಕಳೆದ. ಕಲ್ಲು ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದ. ಅವನು ಕಲಿತ ಶಾಸ್ತ್ರವೆಲ್ಲ ನಿಂತಿದ್ದು ಆ ಒಂದು ನಂಬಿಕೆಯ ಮೇಲೆ. ನಂಬುವ ಮಂದಿಗೆ ದೊಡ್ಡದೊಂದು ಕಂಡರೆ ಸುಮ್ಮನೆ ಬಿಡಲಾರರು ಎಂಬುದನ್ನು ಯಾವ ಪೇಪರಿನಲ್ಲೂ ಕಲಿಸಿರಲಿಲ್ಲ.

ಅವ್ವ ಆರತಿ ತಟ್ಟೆ ಹಿಡಿದು ಬಂದಳು. "ಕೈ ಮುಗಿಯೋ ಯಪ್ಪಾ. ಊರು ಬಿಡೂ ಹೊತ್ತಿನ್ಯಾಗ ನಿಂತು ನೋಡ್ತಾನ ನೋಡು, ಬೀಗರಂಗ."

ಮುಗಿದ.

"ಮಣ್ಣಾಗಿಂದ ಎತ್ತಿ ತೊಳದಾಗ ನೀ ಇರಬೇಕಿತ್ತು," ಎಂದಳು ಅವ್ವ. ಅವಳಿಗೆ ಓದು ಬಾರದು. "ಕೆಳಗಿನ ಅಕ್ಷರ ಹೆಂಗಿದ್ವಂತಿ! ಮ್ಯಾಲಿನವು ಸವದಿದ್ವು, ಇವು ಮಾತ್ರ ನಿನ್ನೆ ಕೊರದಂಗ. ಮುತ್ತು ಪೋಣಿಸಿದಂಗ. ನಾ ಒಂದೊಂದಕ್ಕೂ ಕುಂಕುಮ ಹಚ್ಚಿದ್ನಿ."

"ಆಮೇಲೆ?"

"ಆಮ್ಯಾಲೇನು, ಮರುದಿನ ಮಷೀನ ಬಂತು."

"ಒಬ್ಬರರ ಫೋಟೋ ತಗದ್ರೇನವ್ವಾ?"

"ತಗದೀವಿ, ತಗದೀವಿ," ಎಂದ ಪಕ್ಕೀರಪ್ಪ. "ಕಳಸ್ತೀನಿ ತಗೋ ನಿನಗ. ನಿಮ್ಮ ಸರ್‌ಗೂ ತೋರಸು."

ಏನಾದರೂ ಅನ್ನಬೇಕಿತ್ತು. ಸಿಟ್ಟು ಮಾಡಲು ಎದುರಿಗೆ ಒಬ್ಬ ಕೆಟ್ಟವನಾದರೂ ಬೇಕು. ಅಪ್ಪ ಸತ್ತ ಮೇಲೆ ಅವನನ್ನು ಹನುಮಸಾಗರದ ಹೈಸ್ಕೂಲಿಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಬಿಟ್ಟು ಬರುತ್ತಿದ್ದವನು ಈ ದೊಡ್ಡಪ್ಪ. ಈಗ ಅವನ ತಲೆಗೂದಲಿನಲ್ಲೂ ಒಂದಿಷ್ಟು ಬೆಳ್ಳಿ ಬಣ್ಣ ಹತ್ತಿತ್ತು.

"ಛಲೋ ಆಗೇತಿ," ಎಂದ ಕಳಕೇಶ.

ದೊಡ್ಡಪ್ಪನ ಮುಖ ಅರಳಿತು. ಅದನ್ನು ನೋಡಲಾರದೆ ಅವನು ಬಸ್ಸಿನ ಕಡೆ ನಡೆದ.

ಕುಷ್ಟಗಿಯಲ್ಲಿ ಬಸ್ಸು ಬದಲಿಸುವಾಗ ತೌಸೀಫ ಸಿಕ್ಕ. ಒಂದೇ ತರಗತಿ, ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆ. ಕಿಟಕಿಯಿಂದ ಕರ್ಚೀಫು ಒಗೆದು ಎರಡು ಸೀಟು ಹಿಡಿದಿದ್ದ.

"ಬರ್ರಿ ಬರ್ರಿ, ಶಾಸನ ಸಾಹೇಬರ," ಎಂದ. "ಅಚ್ಚು ತಂದೇನಲೇ?"

"ಇಲ್ಲ."

"ಯಾಕ? ಕಲ್ಲು ಎದ್ದು ಓಡಿ ಹೋತೇನು?"

"ಕಟ್ಟಿ ಹತ್ತಿ ಕುಂತೈತಿ. ಮಷೀನ ಹಚ್ಚಿ ತಿಕ್ಕಿ ಬಣ್ಣ ಬಳದಾರ. ಒಂದಕ್ಷರ ಉಳದಿಲ್ಲ."

ತೌಸೀಫ ನಗಲು ಬಾಯಿ ತೆರೆದವನು ಗೆಳೆಯನ ಮುಖ ನೋಡಿ ಮುಚ್ಚಿದ. "ಯಾರು ಮಾಡಿದ್ದು?" ಎಂದ.

"ನಾನ."

ಯಲಬುರ್ಗಾ ದಾಟುವಾಗ ಫೋನಿಗೆ ಫೋಟೋ ಬಂತು. ಕಲ್ಲನ್ನು ಎತ್ತಿ ನಿಲ್ಲಿಸಿದ ದಿನದ್ದು. ಕಲ್ಲಿನ ಮುಂದೆ ಊರಿಗೆ ಊರೇ ನಿಂತಿತ್ತು. ನಡುವೆ ಹಾರ ಹಾಕಿಕೊಂಡ ದೊಡ್ಡಪ್ಪ, ಪಕ್ಕದಲ್ಲಿ ಸೆರಗು ಹೊದ್ದ ಅವ್ವ. ಕಳಕೇಶ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದ. ಮೇಲಿನ ಮೂರು ಸಾಲುಗಳಿಗೆ ಮಂದಿಯ ತಲೆ ಅಡ್ಡ. ನಾಲ್ಕನೆಯ ಸಾಲಿಗೆ ಮಂದಿಯ ಕಾಲು. ದೊಡ್ಡಪ್ಪನ ಧೋತರದ ಎರಡು ಅಂಚುಗಳ ನಡುವೆ ಮಾತ್ರ ಒಂದು ಅಕ್ಷರ ಕಾಣುತ್ತಿತ್ತು, ಮೇಲೆ ಕುಂಕುಮ. 'ಮ' ಇರಬಹುದು. 'ವ' ಇರಬಹುದು. ಹಿಗ್ಗಿಸಿದಷ್ಟೂ ಅದು ಚೌಕ ಚೌಕವಾಗಿ ಒಡೆದು ಧೋತರದ ಬಿಳುಪಿನಲ್ಲಿ ಕರಗುತ್ತಿತ್ತು.

"ಮಸ್ತ ಬಂದೈತಿ ಫೋಟೋ," ಎಂದ ತೌಸೀಫ, ಸಮಾಧಾನ ಹೇಳುವವನಂತೆ.

ಇತಿಹಾಸ ವಿಭಾಗದಲ್ಲಿ ಕುರ್ಚಿಗಳ ಮೇಲೆ ರಜೆಯ ಧೂಳು ಹಾಗೇ ಇತ್ತು. ಲಲಿತಾ ಮೇಡಂ ಕರ್ಚೀಫಿನಿಂದ ತಮ್ಮ ಮೇಜು ಒರೆಸುತ್ತಿದ್ದರು.

"ಬರ್ರಿ ಕಳಕೇಶ. ಎಲ್ಲಿ ಅಚ್ಚು?"

ಹೇಳಿದ. ಹೇಳುವಾಗ ತನ್ನ ದನಿ ಬೇರೆ ಯಾರದೋ ಊರಿನ ಸುದ್ದಿ ಓದುವಂತಿದೆ ಅನ್ನಿಸಿತು. ಮೇಡಂ ಕರ್ಚೀಫು ಹಿಡಿದ ಕೈ ನಿಲ್ಲಿಸಿ ಕೇಳಿದರು.

"ಅಯ್ಯೋ. ಮೊದಲನೇ ಸಲ ಓದಿದಾಗರ ಒಂದು ಫೋಟೋ ತಕ್ಕೊಳ್ಳೂದಲ್ಲೇನ್ರಿ?"

"ತಗೊಂಡಿದ್ನಿರಿ. ಮೂರು ಸಾಲಿಂದೈತಿ. ನಾಲ್ಕನೇದು ಮಣ್ಣಾಗಿತ್ತು."

"ದೂರು ಕೊಡಬಹುದಿತ್ತು."

"ಯಾರ ಮ್ಯಾಲ್ರಿ?"

ಮೇಡಂ ಕಿಟಕಿಯತ್ತ ತಿರುಗಿದರು. ಆಚೆ ಹೊಸದಾಗಿ ಸೇರಿದವರು ಹಾಲ್‌ ಹುಡುಕುತ್ತ ಓಡಾಡುತ್ತಿದ್ದರು. ಆಮೇಲೆ ಮೇಡಂ ಮುಖಕ್ಕೆ ಸಣ್ಣದೊಂದು ಬೆಳಕು ಬಂತು. ಕಳಕೇಶನಿಗೆ ಆ ಬೆಳಕು ಕಂಡು ಭಯವಾಯಿತು.

"ಹಂಗ ನೋಡಿದ್ರ ಇದು ಇನ್ನೂ ಛಲೋ ವಿಷಯ ಆತು ನೋಡ್ರಿ. ವೀರಗಲ್ಲು ದೇವರಾಗಿದ್ದು. ಒಂದು ಪೂಜಿ ಹೆಂಗ ಹುಟ್ಟತೈತಿ, ಮೊದಲನೇ ದಿನದಿಂದ ಕಂಡವರು ಯಾರದಾರ? ನೀವದೀರಿ. ಬರೀರಿ ಅದನ್ನ. ಮಂದಿ ಮಾತಾಡಸ್ರಿ, ರೆಕಾರ್ಡ್ ಮಾಡ್ರಿ."

"ಮೇಡಂ, ಆ ಹೆಸರು…"

"ಯಾವ ಹೆಸರು?"

"ನಾಲ್ಕನೇ ಸಾಲಿನಾಗ ಇದ್ದದ್ದು."

"ಅದು ಹೋತಲ್ರಿ," ಎಂದರು ಮೇಡಂ, ಕನಿಕರದಿಂದಲೇ. ಮತ್ತೆ ಮೇಜು ಒರೆಸತೊಡಗಿದರು.

ಅದು ಹೋಯಿತು. ಒಬ್ಬ ಮನುಷ್ಯ ಸತ್ತ. ಯಾರೋ ಅವನ ಹೆಸರು ಕೊರೆಸಿದರು. ಮಣ್ಣು ಅದನ್ನು ಏಳುನೂರು ವರ್ಷ ಜೋಪಾನ ಮಾಡಿ, ಒಂದು ದಿನದ ಮಟ್ಟಿಗೆ ಹೊರಗೆ ಬಿಟ್ಟಿತು. ಆ ದಿನ ಅದನ್ನು ನೋಡಿದವರಿಗೆ ಹಳೆಯ ಲಿಪಿಯ ಓದು ಬರಲಿಲ್ಲ. ಓದು ಬರುವವನು ಕೂಲರಿನ ಮುಂದಿದ್ದ. ಇನ್ನು ಆ ಹೆಸರು ಜಗತ್ತಿನ ಯಾವ ಮೂಲೆಯಲ್ಲೂ ಇಲ್ಲ. ಅದು ಇಲ್ಲವೆಂದು ಕೊರಗುವವನೂ ತಾನೊಬ್ಬನೇ.

ಸಂಜೆ ಹಾಸ್ಟೆಲ್ಲಿನ ಮಂಚಕ್ಕೆ ಹಾಸಿಗೆ ಬಿಚ್ಚುತ್ತಿದ್ದಾಗ ಫೋನು ರಿಂಗಾಯಿತು. ವೀಡಿಯೋ ಕರೆ. ಪರದೆಯ ತುಂಬ ಮೊದಲು ದೊಡ್ಡಪ್ಪನ ಕಿವಿ ಬಂತು, ಯಾರೋ ತಿರುಗಿಸಿಕೊಟ್ಟ ಮೇಲೆ ಮುಖ.

"ಪೇಂಟರ ಬ್ರಷ್ ಹಿಡಕೊಂಡು ಕುಂತಾನ. ಜಲ್ದಿ ಹೆಸರು ಹೇಳು."

"ಯಾವ ಹೆಸರು?"

"ಆತಂದಪಾ. ನಾಲ್ಕನೇ ಸಾಲಿನಾಗ ಐತಿ ಅಂದಿದ್ದೆಲ್ಲ. ಜೈಕಾರ ಹಾಕಾಕ ಹೆಸರ ಬ್ಯಾಡೇನು? ಮಂದಿ ಕಾಯಾಕತ್ತಾರ."

ಹಿಂದೆ ಮಂದಿ ಕಾಣುತ್ತಿದ್ದರು. ಸ್ನಾನ ಮಾಡಿ, ಮಡಿ ಉಟ್ಟು, ಮೌನವಾಗಿ ಅವನ ಬಾಯನ್ನೇ ನೋಡುತ್ತಿದ್ದರು. ಪದ್ಯ ಮುಗಿಯಲೆಂದು ಕಾಯುವವರಂತೆ.

"ದೊಡ್ಡಪ್ಪ, ನಾ ಅದನ್ನ ಓದಿಲ್ಲ."

"ಓದಿಲ್ಲಾ?"

"ಓದೂದರಾಗ ನೀವು…" ಮುಂಜಾನೆಯಿಂದ ಹೊತ್ತು ತಂದ ಮಾತು ಹಲ್ಲಿನವರೆಗೆ ಬಂತು.

"ನಾವೇನು?"

"ಏನಿಲ್ಲ. ಹೆಸರು ಗೊತ್ತಿಲ್ಲ ನನಗ."

ಹಿಂದಿನಿಂದ ಯಾವನೋ ನಕ್ಕ. "ಏಳುನೂರು ವರ್ಷ ಅಂತ ಗೊತ್ತೈತಿ, ಹೆಸರ ಗೊತ್ತಿಲ್ಲಂತ. ಏನ್ ಕಲಸ್ತಾರಲೇ ನಿಮಗಲ್ಲಿ?"

ಬಾಯಿಗೆ ಬಂದ ಒಂದು ಹೆಸರು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಶಾಸನದ ಪೇಪರಿನಲ್ಲಿ ಇಂಥ ವೀರರ ಹೆಸರುಗಳನ್ನು ರಾಶಿಗಟ್ಟಲೆ ಬಾಯಿಪಾಠ ಮಾಡಿದ್ದ. ಹೇಳಲಿಲ್ಲ. ಆ ದಿನ ಅವನಿಂದಾದ ಪ್ರಾಮಾಣಿಕ ಕೆಲಸ ಅದೊಂದೇ. ಅದು ಯಾರ ಕಣ್ಣಿಗೂ ಬೀಳಲಿಲ್ಲ.

"ಬಿಡು ಹಂಗಾರ," ಎಂದ ಪಕ್ಕೀರಪ್ಪ. ದನಿಯಲ್ಲಿ ಬೇಸರವಿರಲಿಲ್ಲ, ಹೊಸ ಹುರುಪಿತ್ತು. "ನಿನ್ನ ಹೆಸರನ ಬರಸ್ತೀವಿ. ತೋರಿಸಿಕೊಟ್ಟಾವ ನೀನ."

"ಬ್ಯಾಡ್ರಿ ಬಾವಾ," ಅವ್ವನ ದನಿ. "ಬದಕಿರೂ ಹುಡುಗನ ಹೆಸರು ಸತ್ತಾವನ ಕಲ್ಲಿಗೆ…"

"ಸತ್ತಾವೆಲ್ಲಿ ಅದಾನವ್ವಾ ಈಗ? ದೇವರಾಗ್ಯಾನ."

ದೇವರು ಅಂದ ಕೂಡಲೇ ಅವ್ವ ಸೆರಗು ತಲೆಗೆಳೆದು ಕೈ ಮುಗಿದಳು.

"ಬ್ಯಾಡ ದೊಡ್ಡಪ್ಪ," ಎಂದ ಕಳಕೇಶ. "ಕೇಳಿಸತೈತೇನು? ಬ್ಯಾಡ."

ಅಷ್ಟರಲ್ಲಿ ಗಂಟೆ ಶುರುವಾಯಿತು. ಫೋನು ಯಾರದೋ ಕೈಗೆ ಹೋಗಿ ಕಲ್ಲಿನ ಕಡೆ ತಿರುಗಿತು. ಪರದೆಯ ತುಂಬ ಬೆಳ್ಳಿ ಕಲ್ಲು, ರೆಪ್ಪೆಯಿಲ್ಲದ ಕಣ್ಣು. ಕೆಳಗೆ, ದನಗಳ ಕಾಲಡಿಯ ಖಾಲಿ ಜಾಗದಲ್ಲಿ, ಪೇಂಟರನ ಕೈ ಕೆಂಪು ಬಣ್ಣದಲ್ಲಿ ದುಂಡಗೆ ಒಂದು 'ಕ' ಬರೆದು ಮುಂದೆ ಸರಿಯಿತು.

ಪರದೆಯ ಮೂಲೆಯ ಬೆರಳಗಲದ ಚೌಕದಲ್ಲಿ ಅವನ ಮುಖವಿತ್ತು. ಅವನು ಕೂಗಿದ. ಚೌಕದೊಳಗಿನ ಬಾಯಿಯೂ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಪಕ್ಕದ ಮಂಚದಿಂದ ತೌಸೀಫ ಎದ್ದು ಕುಳಿತ.

ಆಚೆ ಅವ್ವ ಹಸಿ ಅಕ್ಷರಗಳ ಎದುರು ಆರತಿ ಎತ್ತಿದಳು. ಅವಳ ತುಟಿ ಏನನ್ನೋ ಬೇಡಿಕೊಳ್ಳುತ್ತಿತ್ತು. ಮಗನ ಸಲುವಾಗಿಯೇ ಇರಬೇಕು. ಜೈಕಾರ ಎದ್ದಿತು. ಅವನ ಹೆಸರು ಹಿಡಿದು ಕೂಗುತ್ತಿದ್ದ ಅಷ್ಟು ಮಂದಿಯಲ್ಲಿ ಒಬ್ಬರೂ ಫೋನಿನ ಕಡೆ ತಿರುಗಲಿಲ್ಲ.