ಒಂದು ಕುರ್ಚಿಯಷ್ಟು ಜಾಗ

ಚರ್ಚಿನ ಗೋಪುರದಿಂದ ಬಿಸಿಲು ಇಳಿದುಹೋದ ಮೇಲೆ ಬಾವಿ ಬೀದಿಯಲ್ಲಿ ಮೊದಲು ಕೇಳಿಸುತ್ತಿದ್ದುದು ನೀರಿನ ಸದ್ದು. ವಿರ್ತುದೆಸ್ ಅಜ್ಜಿ ಬಕೆಟ್ಟಿಗೆ ಕೈ ಅದ್ದಿ ತನ್ನ ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದಳು. ಹಗಲೆಲ್ಲ ಕಾದಿದ್ದ ಕಲ್ಲುಹಾಸಿನಿಂದ ಮಣ್ಣಿನ ವಾಸನೆ ಏಳುತ್ತಿತ್ತು. ಆಮೇಲೆ ಒಂದೊಂದೇ ಬಾಗಿಲು ತೆರೆದು ಜೊಂಡು ಹೆಣೆದ ಗಿಡ್ಡ ಕುರ್ಚಿಗಳು ಹೊರಬರುತ್ತಿದ್ದವು. ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತು, ಕ್ರೋಶಾ ಕಡ್ಡಿ ಕೆಲವರು, ಬೀಸಣಿಗೆ ಕೆಲವರು, ನಾಲಿಗೆ ಎಲ್ಲರೂ ಆಡಿಸತೊಡಗುತ್ತಿದ್ದರು.

ತ್ರೀನ್ ಇದನ್ನೆಲ್ಲ ಕಿಟಕಿಗೆ ಇಳಿಬಿಟ್ಟ ಹುಲ್ಲಿನ ತಡಿಕೆಯ ಸಂದಿನಿಂದ ನೋಡುತ್ತಿದ್ದಳು. ಜೂನ್ ತಿಂಗಳಿನಿಂದಲೂ ನೋಡುತ್ತಲೇ ಇದ್ದಳು. ಯಾರ ಮೊಣಕಾಲು ನೋಯುತ್ತದೆ, ಯಾರ ಸೊಸೆ ಅಡುಗೆಗೆ ಬೆಳ್ಳುಳ್ಳಿ ಹಾಕುವುದಿಲ್ಲ, ಯಾರು ಯಾರ ಮೇಲಿನ ಸಿಟ್ಟನ್ನು ಇನ್ನೊಬ್ಬರ ಹತ್ತಿರ ಆಡಿ ತೀರಿಸಿಕೊಳ್ಳುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಅವರ ಭಾಷೆ ಬಹುಪಾಲು ಅರ್ಥವಾಗುತ್ತಿತ್ತು. ಆಡಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಅದೇನೂ ಹೊಸದಲ್ಲ, ಎಸ್ಟೋನಿಯಾದ ಅವಳ ದ್ವೀಪದಲ್ಲಿ, ಅವಳದೇ ಭಾಷೆಯಲ್ಲಿ ಕೂಡ ಹಾಗೆಯೇ ಇತ್ತು. ಹದಿನಾರಕ್ಕೇ ಶಾಲೆ ಬಿಟ್ಟು ಮೀನಿನ ಕಾರ್ಖಾನೆ ಸೇರಿದಾಗ ಅವಳಿಗೆ ಹಿಡಿಸಿದ್ದು ಅಲ್ಲಿನ ಯಂತ್ರಗಳ ಗದ್ದಲ. ಅಲ್ಲಿ ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ.

ಸ್ಪೇನಿಗೆ ಬಂದದ್ದು ಸ್ಟ್ರಾಬೆರಿ ಬಿಡಿಸಲು. ಸುಗ್ಗಿ ಮುಗಿದು ಜೊತೆಗಿದ್ದವರೆಲ್ಲ ಊರಿಗೆ ಹಿಂದಿರುಗಿದರೂ ಅವಳಿಗೆ ಮನಸ್ಸಾಗಲಿಲ್ಲ. ಆಲಿವ್ ತೋಟಗಳ ನಡುವಿನ ಈ ಊರಿನ ಅತಿಥಿಗೃಹವೊಂದರಲ್ಲಿ ಚಾದರ ಒಗೆದು ಇಸ್ತ್ರಿ ಮಾಡುವ ಕೆಲಸ ಸಿಕ್ಕಿತು. ಅರಸೇಲಿ ಎಂಬ ಮುದುಕಿ ತೀರಿಹೋಗಿ ಬೀಗ ಬಿದ್ದಿದ್ದ ಮನೆಯನ್ನು ಅವಳ ಅಣ್ಣನ ಮಗ ಎಲೋಯ್ ಬಾಡಿಗೆಗೆ ಕೊಟ್ಟ. ಎರಡು ಕೋಣೆ, ಹಿತ್ತಿಲಲ್ಲಿ ಒಂದು ನಿಂಬೆ ಗಿಡ. ಅಕ್ಕನ ಮನೆಯ ಸೋಫಾದ ಮೇಲೆ ವರ್ಷಗಟ್ಟಲೆ ಮಲಗಿದ್ದವಳಿಗೆ ತನ್ನದೇ ಒಂದು ಕದ, ತನ್ನದೇ ಒಂದು ಕೀಲಿಕೈ. ಬೆಳಿಗ್ಗೆ ಎದ್ದು ಹಿತ್ತಿಲಲ್ಲಿ ಬರಿಗಾಲಲ್ಲಿ ನಿಂತರೆ ಸಾಕು, ಇಲ್ಲೇ ಇದ್ದುಬಿಡೋಣ ಅನಿಸುತ್ತಿತ್ತು.

ಸಂಜೆಯಾದರೆ ಹಾಗನಿಸುತ್ತಿರಲಿಲ್ಲ. ಏಕೆಂದರೆ ಕುರ್ಚಿಗಳ ಆ ಸಾಲು ಸರಿಯಾಗಿ ಅವಳ ಬಾಗಿಲ ಮುಂದೆ ತುಂಡಾಗುತ್ತಿತ್ತು. ಈಚೆ ರೆಮೆದಿಯೋಸ್ ಮತ್ತವಳ ಕಡೆಯವರು, ಆಚೆ ವಿರ್ತುದೆಸ್ ಅಜ್ಜಿ ಮತ್ತವಳ ಕಡೆಯವರು, ನಡುವೆ ಅವಳ ಕದ, ಪಕ್ಕದಲ್ಲಿ ಬರಿಯ ಗೋಡೆ. ಸೂರ್ಯಕಾಂತಿ ಬೀಜದ ಪೊಟ್ಟಣವನ್ನು ಆ ಖಾಲಿ ಜಾಗದ ಮೇಲಿಂದ ತೋಳು ಚಾಚಿ, ಉಸಿರು ಬಿಗಿಹಿಡಿದು ದಾಟಿಸುತ್ತಿದ್ದರೇ ಹೊರತು ಒಬ್ಬಳೂ ಕುರ್ಚಿ ಸರಿಸುತ್ತಿರಲಿಲ್ಲ. ತ್ರೀನಳ ಊರಿನಲ್ಲಾದರೆ ಬಸ್ಸಿಗೆ ಕಾಯುವವರು ಒಬ್ಬರಿಂದೊಬ್ಬರು ಮಾರು ದೂರ ನಿಲ್ಲುತ್ತಾರೆ, ಅದು ಮರ್ಯಾದೆ. ಇವರು ಹಾಗಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವವರು, ಮಾತಿನ ನಡುವೆ ಎದುರಿಗಿದ್ದವರ ತೋಳು ಹಿಡಿದು ಅಲುಗಿಸುವವರು. ಅಂಥವರು ಒಂದು ಬಾಗಿಲನ್ನು ಬಿಟ್ಟು ಕೂತರೆ ಅದಕ್ಕೆ ಒಂದೇ ಅರ್ಥ ಎಂದು ತ್ರೀನ್ ತೀರ್ಮಾನಿಸಿದ್ದಳು.

ಹಾಗಾಗಿ ಆಗಸ್ಟಿನಲ್ಲಿ ಎಲೋಯ್ ಫೋನು ಮಾಡಿದಾಗ ಉತ್ತರ ಬಾಯಲ್ಲೇ ಇತ್ತು.

"ಚಳಿಗಾಲಕ್ಕೂ ಇರ್ತೀಯೋ ಇಲ್ವೋ, ಒಂದು ಮಾತು ಹೇಳಿಬಿಡಮ್ಮ. ಮಲಾಗಾ ಸಿಟಿಯವರು ಗಂಡ ಹೆಂಡತಿ ಕೇಳ್ತಿದ್ದಾರೆ, ಶನಿವಾರ ಭಾನುವಾರ ಬಂದು ಇರೋಕೆ. ನೀನಿದ್ರೆ ನಿಂಗೇ. ಹೋಗೋದಾದ್ರೆ ನಾಳೆ ಸಂಜೇನೇ ಅವ್ರಿಗೆ ಮನೆ ತೋರಿಸ್ತೀನಿ."

"ಹೋಗ್ತೀನಿ," ಎಂದಳು ತ್ರೀನ್.

ಫೋನಿಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯಲ್ಲಿ ನಿಂತೇ ಇದ್ದಳು. ಹೊರಗೆ ಯಾವುದೋ ಮಾತಿಗೆ ಇಡೀ ಸಾಲು ಬಿದ್ದು ಬಿದ್ದು ನಗುತ್ತಿತ್ತು.

ಮರುದಿನ ಸಾಮಾನು ತುಂಬಲು ರಟ್ಟಿನ ಪೆಟ್ಟಿಗೆ ಬೇಕಾಗಿ ಬ್ರೆಡ್ಡಿನ ಅಂಗಡಿಗೆ ಹೋದಳು. ಸಾಮಾನ್ಯವಾಗಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಹೋಗುತ್ತಿದ್ದವಳು, ಅಂದು ಕೆಲಸಕ್ಕೆ ಹೊತ್ತಾಗುತ್ತದೆಂದು ತುಂಬಿದ ಅಂಗಡಿಗೇ ನುಗ್ಗಬೇಕಾಯಿತು. ಆ ಅಂಗಡಿಯಲ್ಲಿ ಸಾಲು ಎಂಬುದಿಲ್ಲ. ಒಳಗೆ ಬಂದವರು 'ಕೊನೆಯವರು ಯಾರು?' ಎಂದು ಕೂಗಬೇಕು, ಒಬ್ಬರು 'ನಾನು' ಎನ್ನಬೇಕು, ಆಮೇಲೆ ಎಲ್ಲಿ ಬೇಕಾದರೂ ನಿಂತು ಹರಟಬಹುದು. ತ್ರೀನ್ ಏನೂ ಕೂಗದೆ ಹಿಟ್ಟಿನ ಮೂಟೆಯ ಪಕ್ಕ ಗೋಡೆಗಂಟಿ ನಿಂತಳು.

"ನೋಡ್ರೇ, ಹೊಂಬಣ್ಣದ ಕೂದಲಿನವಳು ಬಂದಳು," ಎಂದಳು ರೆಮೆದಿಯೋಸ್. ಅವಳದು ಅಗಲವಾದ ಮೈ, ಅದಕ್ಕಿಂತ ಅಗಲವಾದ ದನಿ. "ಅಲ್ಲ ಕಣೇ, ಕೊನೆಯವರು ಯಾರು ಅಂತ ಕೇಳಿದ್ರೆ ನಾವೇನು ಕಚ್ತೀವಾ? ನನ್ನ ಹಿಂದೆ ನೀನು. ತಿಳೀತಾ? ನಾನು ಕೊನೆ. ಈಗ ನೀನು ಕೊನೆ. ಬ್ರೆಡ್ಡಾ?"

"ಪೆಟ್ಟಿಗೆ," ಎಂದಳು ತ್ರೀನ್. "ಖಾಲಿ ಪೆಟ್ಟಿಗೆ."

"ಖಾಲಿ ಪೆಟ್ಟಿಗೆ ಯಾತಕ್ಕೆ?"

"ಹೋಗ್ತೀನಿ. ತಿಂಗಳ ಕೊನೆಗೆ."

ರೆಮೆದಿಯೋಸ್ ಸೊಂಟದ ಮೇಲೆ ಕೈಯಿಟ್ಟು ಮೂಲೆಯಲ್ಲಿದ್ದ ವಿರ್ತುದೆಸ್ ಅಜ್ಜಿಯ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ? ನಾನು ಆವತ್ತೇ ಹೇಳ್ಲಿಲ್ವಾ, ನಮ್ಮ ಬೀದಿ ಈ ರಾಣಿಗೆ ಹಿಡಿಸ್ಲಿಲ್ಲ ಅಂತ? ಮೂರು ತಿಂಗಳು ಬಾಗಿಲು ಹಾಕ್ಕೊಂಡು ಕೂತಳು. ಮುಖ ಹೇಗಿದೆ ಅಂತ ನಾನು ನೋಡಿದ್ದೇ ಇವತ್ತು."

ತ್ರೀನಳ ಕಿವಿಯವರೆಗೂ ರಕ್ತ ಏರಿತು. ಅಳು ಬರುತ್ತದೆ ಅಂದುಕೊಂಡಳು. ಬಂದದ್ದು ಮಾತು.

"ನಿಮಗೆ ನಾನು ಹಿಡಿಸ್ಲಿಲ್ಲ," ಎಂದಳು. "ನನ್ನ ಬಾಗಿಲ ಮುಂದೆ ಯಾರೂ ಕೂರಲ್ಲ. ಆ ಕಡೆ ಕೂರ್ತೀರಿ, ಈ ಕಡೆ ಕೂರ್ತೀರಿ. ನನ್ನ ಬಾಗಿಲು ಬಿಡ್ತೀರಿ. ದಿನಾ ನೋಡ್ತೀನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಯ್ಯೋ ಪೆದ್ದೀ," ಎಂದಳು ರೆಮೆದಿಯೋಸ್. ದನಿ ಮಾತ್ರ ಅರ್ಧಕ್ಕೆ ಇಳಿದಿತ್ತು. "ನಿನ್ನ ಬಾಗಿಲ ಮುಂದೆ ನಾವ್ಯಾಕೆ ಕೂರೋಣ? ಅದು ನಿನ್ನ ಜಾಗ. ಅರಸೇಲಿ ಇದ್ದಾಗ ಅರಸೇಲಿ ಕೂರ್ತಿದ್ಲು. ಅವಳು ಹೋದ್ಮೇಲೆ, ಮನೆಗೆ ಬೀಗ ಇದ್ದಾಗ, ನಾವು ಆ ಜಾಗಕ್ಕೂ ಹರಡಿಕೊಂಡು ಕೂರ್ತಿದ್ವಿ. ನೀನು ಬಂದೆ, ಸರಿದ್ವಿ. ಇಲ್ಲಾಂದ್ರೆ ಈ ಮೈ ಇಟ್ಕೊಂಡು ನಾನು ಇಕ್ಕಟ್ಟಲ್ಲಿ ಕೂತು ಸಾಯ್ತಿದ್ನಾ? ಯಾರಿಗೆ ಅಂದ್ಕೊಂಡೆ ಆ ಜಾಗ, ಬೀದಿ ನಾಯಿಗಾ?"

"ಯಾರೂ ಕರೀಲಿಲ್ಲ."

"ಕರೆಯೋದಾ!" ಅಂಗಡಿಗೆ ಅಂಗಡಿಯೇ ಒಟ್ಟಿಗೆ ಅಂದಂತಿತ್ತು. ರೆಮೆದಿಯೋಸ್ ಮುಂದುವರಿಸಿದಳು: "ಮದುವೆಗೆ ಕರೀತಾರೆ, ಮಾರಾಯ್ತಿ. ಬೀದಿಗೆ ಯಾರು ಯಾರನ್ನ ಕರೀತಾರೆ? ಬೀದಿ ಏನು ನಮ್ಮಪ್ಪಂದಾ? ಕುರ್ಚಿ ತಗೊಂಡು ಬರಬೇಕು, ಕೂರಬೇಕು."

ವಿರ್ತುದೆಸ್ ಅಜ್ಜಿ ಆಗ ಮೆಲ್ಲಗೆ ಬಾಯಿ ತೆರೆದಳು. "ನೀನು ಬಂದ ವಾರ ನಿನ್ನ ಬಾಗಿಲ ಮುಂದೂ ನೀರು ಚಿಮುಕಿಸಿದ್ದೆ ಮಗಳೇ. ನೀನು ಬಟ್ಟೆ ತಂದು ಒರೆಸಿಬಿಟ್ಟೆ. ಎರಡು ಸಲ. ಬೇಡ ಅಂತಾಳೆ ಅಂದ್ಕೊಂಡು ಬಿಟ್ಟೆ."

ಅದು ತ್ರೀನಳಿಗೆ ನೆನಪಿತ್ತು. ಯಾರೋ ಕೊಳೆನೀರು ಎರಚಿದ್ದಾರೆಂದು ತಿಳಿದು, ಹಲ್ಲು ಕಚ್ಚಿ, ಮಂಡಿಯೂರಿ ಒರೆಸಿದ್ದಳು. ಈಗ ಯಾವ ಕಡೆ ನೋಡಬೇಕೋ ಗೊತ್ತಾಗಲಿಲ್ಲ. ಅಂಗಡಿಯವಳು ನಾಲ್ಕಾರು ರಟ್ಟಿನ ಪೆಟ್ಟಿಗೆ ತಂದು ಅವಳ ಮುಂದಿಟ್ಟಳು. ಕೇಳಿದ್ದಾಗಿದೆ, ಬಿಟ್ಟುಹೋಗುವುದು ಹೇಗೆ? ಎತ್ತಿಕೊಂಡು ಹೊರಟಳು.

ಆ ದಿನ ಚಾದರಗಳ ಮೇಲೆ ಇಸ್ತ್ರಿ ಎಳೆಯುತ್ತ, ಎಲೋಯ್‌ಗೆ ಫೋನು ಮಾಡಬೇಕೆಂದು ಮತ್ತೆ ಮತ್ತೆ ಅಂದುಕೊಂಡಳು. ಮಾಡಲಿಲ್ಲ. ನಿನ್ನೆ ಒಂದು ಮಾತು, ಇವತ್ತು ಒಂದು ಮಾತು ಅಂದರೆ ಏನು ತಿಳಿದುಕೊಂಡಾನು? ಮಲಾಗಾದವರು ಹೊರಟುಬಿಟ್ಟಿದ್ದರೆ? ಹೀಗೇ ಹೊತ್ತು ಕಳೆಯಿತು.

ಸಂಜೆ ನೀರಿನ ಸದ್ದು ಕೇಳಿಸಿತು. ಆಮೇಲೆ ಕುರ್ಚಿಗಳ ಸದ್ದು. ತ್ರೀನ್ ಅಡುಗೆಮನೆಯ ಕುರ್ಚಿ ಎತ್ತಿಕೊಂಡು ಬಾಗಿಲ ಹಿಂದೆ ನಿಂತಳು. ಇಟ್ಟಳು. ಮತ್ತೆ ಎತ್ತಿಕೊಂಡಳು. ಕೊನೆಗೆ ಕಣ್ಣು ಮುಚ್ಚಿ ನೀರಿಗೆ ಹಾರುವವಳಂತೆ ಬಾಗಿಲು ತೆರೆದು ಹೊರಗೆ ಬಂದು, ಆ ಖಾಲಿ ಜಾಗದಲ್ಲಿ ಕುರ್ಚಿ ಊರಿ ಕೂತಳು.

ಕೂತ ಮೇಲೆ ಗೊತ್ತಾಯಿತು. ಅವರದೆಲ್ಲ ಗಿಡ್ಡ ಕುರ್ಚಿ, ಇವಳದು ಊಟದ ಮೇಜಿನ ಎತ್ತರದ್ದು. ಎಡಕ್ಕೂ ಬಲಕ್ಕೂ ತಲೆಗಳು ಇವಳ ಮೊಣಕೈಯ ಮಟ್ಟದಲ್ಲಿದ್ದವು.

"ಪಾದ್ರಿಗಳು ಪೀಠ ಏರಿದ ಹಾಗಾಯ್ತು," ಎಂದಳು ರೆಮೆದಿಯೋಸ್. "ಶುರು ಮಾಡಿ ಸ್ವಾಮಿ, ಇವತ್ತಿನ ಬೋಧನೆ ಏನು?"

ನಗು ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ತ್ರೀನ್ ತಲೆ ತಗ್ಗಿಸಿದಳು. ಅವಳ ತುಟಿಯಲ್ಲೂ ನಗು ಬಿರಿಯಿತು. ಅಷ್ಟರಲ್ಲಿ ಬೀಜದ ಪೊಟ್ಟಣ ಬಂದು ಅವಳ ಮಡಿಲಲ್ಲಿ ಬಿತ್ತು. ಒಂದು ಹಿಡಿ ತೆಗೆದುಕೊಂಡು ವಿರ್ತುದೆಸ್ ಅಜ್ಜಿಗೆ ದಾಟಿಸಿದಳು. ಮಾತು ಔಷಧಿ ಅಂಗಡಿಯವಳ ಹೊಸ ಕನ್ನಡಕದ ಕಡೆಗೆ ಹರಿಯಿತು.

ಆಗ ಬೀದಿಯ ತಿರುವಿನಲ್ಲಿ ಕಾರು ನಿಂತು ಎಲೋಯ್ ಇಳಿದ. ಹಿಂದೆ ಬಿಳಿ ಬಟ್ಟೆ ತೊಟ್ಟ ಗಂಡ ಹೆಂಡತಿ.

"ಎಲ್ಲರಿಗೂ ನಮಸ್ಕಾರ," ಎಂದ ಎಲೋಯ್. "ಓ, ನೀನೂ ಹೊರಗೇ ಕೂತಿದ್ದೀಯಲ್ಲ, ಒಳ್ಳೇದಾಯ್ತು. ಇವ್ರಿಗೆ ಒಂದ್ಸಲ ಮನೆ ತೋರಿಸಿಬಿಡ್ತೀನಿ." ಹೆಂಗಸರತ್ತ ತಿರುಗಿ ವಿವರಿಸಿದ: "ಈ ಹುಡುಗಿ ತಿಂಗಳ ಕೊನೆಗೆ ಖಾಲಿ ಮಾಡ್ತಾಳೆ."

ತ್ರೀನ್ ರೆಮೆದಿಯೋಸಳನ್ನು ನೋಡಿದಳು. ಪಾದ್ರಿಗೂ ಮೇಯರಿಗೂ ಎದುರು ಮಾತಾಡುವ ಬಾಯಿ ಅದು. ಅದು ಈಗ ಒಂದು ಮಾತು ಹೇಳಿದರೆ ಸಾಕು. ರೆಮೆದಿಯೋಸ್ ಕ್ರೋಶಾದ ಹೊಲಿಗೆ ಎಣಿಸುತ್ತಿದ್ದಳು. ವಿರ್ತುದೆಸ್ ಅಜ್ಜಿ ಏನೋ ಹೇಳಲು ಉಸಿರೆಳೆದುಕೊಂಡಳು. ರೆಮೆದಿಯೋಸ್ ತ್ರೀನಳ ಕುರ್ಚಿಯ ಅಡಿಯಿಂದಲೇ ಕಾಲು ಚಾಚಿ ಅಜ್ಜಿಯ ಚಪ್ಪಲಿಯನ್ನು ಒತ್ತಿದ್ದು ತ್ರೀನಳ ಕಣ್ಣಿಗೆ ಬಿತ್ತು. ಅಜ್ಜಿ ಬಾಯಿ ಮುಚ್ಚಿದಳು. ಸಾಲಿನ ಬೀಸಣಿಗೆಗಳೆಲ್ಲ ನಿಂತವು.

ಎಲೋಯ್ ಕದದ ಹಿಡಿಗೆ ಕೈ ಹಾಕಿದ.

"ಇಲ್ಲ," ಎಂದಳು ತ್ರೀನ್.

"ಏನು, ಇಲ್ಲ ಅಂದ್ರೆ?"

"ಹೋಗಲ್ಲ. ಚಳಿಗಾಲಕ್ಕೂ ಇರ್ತೀನಿ."

"ಅಲ್ಲಮ್ಮಾ, ನಿನ್ನೆ ಹೋಗ್ತೀನಿ ಅಂದೆ! ಇವ್ರು ಮಲಾಗಾದಿಂದ ಬಂದಿದ್ದಾರೆ."

"ನಿನ್ನೆ ಅಂದೆ. ನೀವು ನಾನಿದ್ರೆ ನಂಗೇ ಅಂದಿದ್ರಿ." ಮಲಾಗಾದವರ ಕಡೆ ತಿರುಗಿದಳು. "ನನ್ನದು ತಪ್ಪು. ಕ್ಷಮಿಸಿ. ಮನೆ ಖಾಲಿ ಇಲ್ಲ."

ಮಲಾಗಾದ ಹೆಂಗಸು ಗಂಡನ ಮುಖ ನೋಡಿದಳು. ಎಲೋಯ್ ಕೆಂಪಗಾಗಿ ಸಾಲನ್ನು ದಿಟ್ಟಿಸಿದ. "ನೀವೇ ಇವಳ ತಲೆ ಕೆಡಿಸಿದ್ದು, ನಂಗೊತ್ತು."

"ನಾವಾ!" ರೆಮೆದಿಯೋಸ್ ಕ್ರೋಶಾವನ್ನು ಎದೆಗೊತ್ತಿಕೊಂಡಳು. "ಮರಿಯಮ್ಮನಾಣೆ, ಹುಟ್ಟಿದಾಗಿನಿಂದ ಮೊದಲ ಸಲ ಸುಮ್ಮನೆ ಕೂತಿದ್ದೀನಿ, ಅದಕ್ಕೂ ಬೈಗುಳ!"

ಎಲೋಯ್ ತಲೆ ಕೆರೆದುಕೊಂಡ. "ಸರಿ. ಇರು. ಆದರೆ ಜನವರಿಯಲ್ಲಿ ಸೂರು ಸೋರುತ್ತೆ ಅಂತ ನನಗೆ ಫೋನ್ ಮಾಡಬೇಡ."

"ಮಾಡ್ತೀನಿ," ಎಂದಳು ತ್ರೀನ್.

ವಿರ್ತುದೆಸ್ ಅಜ್ಜಿ ನಕ್ಕ ಭರಕ್ಕೆ ಬೀಜ ಗಂಟಲಿಗೆ ಸಿಕ್ಕಿ ಕೆಮ್ಮತೊಡಗಿದಳು. ಎಲೋಯ್ ಬಂದವರನ್ನು ಚೌಕದ ಕಡೆ ತಣ್ಣನೆಯ ಬಿಯರಿಗೆ ಕರೆದುಕೊಂಡು ಹೋದ. ತ್ರೀನ್ ಕೈಲಿದ್ದ ಬೀಜವೊಂದನ್ನು ಹಲ್ಲಿಗೆ ಕೊಟ್ಟು ಒಡೆದಳು.

"ನಾಳೆ ಆ ಕುರ್ಚಿ ಕೊಡು," ಎಂದಳು ರೆಮೆದಿಯೋಸ್. "ನಮ್ಮೆಜಮಾನ್ರು ಕಾಲು ಕತ್ತರಿಸಿ ಕೊಡ್ತಾರೆ. ಕತ್ತೆತ್ತಿ ಮಾತಾಡಿ ನನಗೆ ಕುತ್ತಿಗೆ ಹಿಡ್ಕೊಂಡಿದೆ."

"ಬೇಡ. ಇಲ್ಲಿಂದ ಬೀದಿ ತುದಿವರೆಗೂ ಕಾಣುತ್ತೆ."

"ಹೌದಾ?" ರೆಮೆದಿಯೋಸ್ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಈಗ ಯಾರು ಬರ್ತಿದ್ದಾರೆ ಹೇಳು ನೋಡೋಣ."

ತ್ರೀನ್ ಕತ್ತು ಚಾಚಿದಳು. "ಔಷಧಿ ಅಂಗಡಿಯವಳು. ಕನ್ನಡಕ ಹಾಕಿಲ್ಲ."

"ಒಬ್ಬಳೇನಾ?"

"ಒಬ್ಬಳೇ ಅಲ್ಲ."

ಸಾಲಿಗೆ ಸಾಲೇ ಅವಳ ಕಡೆ ಬಾಗಿತು.