ಪಕ್ಕದ ಸೀಟಿನ ಒದ್ದೆ

ಕಾರಿನ ಪಕ್ಕದ ಸೀಟಿನ ಕಾಲಡಿಗೆ ಮೂರನೆಯ ಸಲ ಅಡುಗೆ ಸೋಡಾ ಸುರಿಯುವಾಗ ಅವನಿಗೆ ಮಾವನ ಮೇಲೆ ಕನಿಕರವೇ ಇತ್ತು. ಆಮೇಲೆ ನೆನೆದಾಗಲೆಲ್ಲ ಅವನ ಹೊಟ್ಟೆ ಉರಿಸಿದ್ದು ಆ ಕನಿಕರ. ಸಿಟ್ಟು ಬಂದಿದ್ದರೆ ಕ್ಷಮೆ ಕೇಳುವುದು ಸುಲಭವಿತ್ತು.

ಅವನು ಲಿಫ್ಟ್ ಮೆಕ್ಯಾನಿಕ್. ಕೆಲಸದಲ್ಲಿ ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಎಲ್ಲವನ್ನೂ ಮರಳಿ ಬಿಗಿದ ಮೇಲೆಯೇ ಮೇಲೇಳುವವನು. ಮನೆಗೆ ಬಂದರೆ ಆ ಶಿಸ್ತು ಚಪ್ಪಲಿಯ ಜೊತೆ ಬಾಗಿಲಾಚೆ ಉಳಿಯುತ್ತಿತ್ತು. ಹದಿನಾಲ್ಕು ವರ್ಷದ ಹಳೆಯ ಕಾರನ್ನು ಒಂದು ಗ್ಯಾರೇಜಿಗೂ ಮುಟ್ಟಲು ಕೊಟ್ಟಿರಲಿಲ್ಲ. ಪ್ರತಿ ರಿಪೇರಿಯ ಕೊನೆಗೂ ಒಂದೋ ಎರಡೋ ಕ್ಲಿಪ್ಪು, ನಟ್ಟು ಉಳಿದುಬಿಡುತ್ತಿದ್ದವು. ಕಂಪನಿಯವರು ಧಾರಾಳಿಗಳು, ಹೆಚ್ಚಿಗೆ ಹಾಕಿರುತ್ತಾರೆ ಎಂದು ಅವನ್ನು ಬಿಸ್ಕತ್ತಿನ ಡಬ್ಬಿಗೆ ಎಸೆಯುತ್ತಿದ್ದ. ಈ ಡಬ್ಬಿ ತುಂಬಿದ ದಿನ ನಮಗೆ ಇನ್ನೊಂದು ಕಾರೇ ಆಗುತ್ತದೆ ಎಂದು ಹೆಂಡತಿ ನಗುತ್ತಿದ್ದಳು.

ಅವಳ ಅಪ್ಪ ಟೈಲರ್. ಎಪ್ಪತ್ತೆಂಟು ವರ್ಷ. ನಾಲ್ಕು ಬೀದಿ ಆಚೆ, ತಮ್ಮ ಅಂಗಡಿಯ ಮೇಲಿನ ಕೋಣೆಯಲ್ಲೇ ವಾಸ. ಬೆಳಿಗ್ಗೆ ಹಾಕಿದ ಪ್ಯಾಂಟಿನ ಇಸ್ತ್ರಿಗೆರೆ ಸಂಜೆಯವರೆಗೂ ಮುರಿಯದಂತೆ ಕೂರುವುದು ಹೇಗೆಂದು ಬಲ್ಲ ಮನುಷ್ಯ. ಭಾನುವಾರ ಅಳಿಯ ಕಾರು ತೆಗೆದುಕೊಂಡು ಹೋಗಿ ಅವರನ್ನು ಊಟಕ್ಕೆ ಕರೆತರುವುದು, ಊಟವಾದ ಮೇಲೆ ಮೂವರೂ ಊರಾಚೆಗೆ ಒಂದು ಸುತ್ತು. ಧೂಳು ಕಂಡರೆ ಅವರಿಗೆ ಉಬ್ಬಸ. ಹಾಗಾಗಿ ಅವರು ಕೂತ ದಿನ ಮಾತ್ರ ಕಿಟಕಿ ಏರಿಸಿ ಏಸಿ. ಮಿಕ್ಕ ದಿನ, ಪುಕ್ಕಟೆ ಗಾಳಿ ಇರುವಾಗ ಏಸಿ ಯಾಕೆ ಎನ್ನುವ ಪಂಗಡ ಅವನದು.

ಬೇಸಿಗೆ ಕಣ್ಣು ಬಿಡುತ್ತಿದ್ದ ಒಂದು ಭಾನುವಾರ ಮಾವ ಇಳಿದುಹೋದ ಮೇಲೆ ನೋಡಿದರೆ ಅವರ ಕಾಲಡಿಯ ಮ್ಯಾಟು ಒದ್ದೆ. ನೀರಿನ ಬಾಟಲಿ ಯಾವುದೂ ಇರಲಿಲ್ಲ. ಮುಂದಿನ ಭಾನುವಾರವೂ ಹಾಗೆಯೇ; ಅವರ ಪ್ಯಾಂಟಿನ ಅಂಚು ಕೂಡ ತೊಯ್ದಿತ್ತು. ಮೂರನೆಯ ವಾರಕ್ಕೆ ಕಾರಿನೊಳಗೆ ಹುಳಿ ನಾತ.

ಹೆಂಡತಿಗೆ ತಗ್ಗಿದ ದನಿಯಲ್ಲಿ ಹೇಳಿದ. ಅಪ್ಪ ಅಂಥವರಲ್ಲ ಎಂದಳು ಅವಳು. ಅಂಥವರು ಇಂಥವರು ಅಂತಲ್ಲ ಮಾರಾಯ್ತಿ, ವಯಸ್ಸಾದ ಮೇಲೆ ಎಲ್ಲರ ವಾಷರ್ರೂ ಸಡಿಲವಾಗುತ್ತದೆ ಎಂದ ಇವನು, ತಮಾಷೆಗೆ. ಅವಳು ನಗಲಿಲ್ಲ. ಆದರೆ ಇನ್ನೊಂದು ಸಲ ಅಲ್ಲವೆನ್ನಲೂ ಇಲ್ಲ.

ಆಮೇಲೆ ಶುರುವಾಯಿತು ತೊಳೆಯುವ ಯಜ್ಞ. ವಿನೆಗರ್ ಚಿಮುಕಿಸಿ ಬ್ರಷ್ಷಿನಿಂದ ಉಜ್ಜಿದ. ಸೋಡಾ ಹಾಕಿ ಅರ್ಧ ದಿನ ಬಿಟ್ಟು ಗುಡಿಸಿ ತೆಗೆದ. ಸೀಟಿನ ನಾಲ್ಕೂ ಬೋಲ್ಟು ಬಿಚ್ಚಿ, ಕಾರ್ಪೆಟ್ಟನ್ನು ಎತ್ತಿ ನೋಡಿದರೆ ಅಡಿಯ ಸ್ಪಂಜು ಹಿಂಡಿದರೆ ಹನಿಯುವಷ್ಟು ನೆನೆದಿತ್ತು. ಇಷ್ಟೊಂದು ಹೇಗೆ ಎಂಬ ಪ್ರಶ್ನೆ ಆಗಲೇ ಏಳಬೇಕಿತ್ತು, ಏಳಲಿಲ್ಲ. ಉತ್ತರ ಕೈಯಲ್ಲಿದ್ದವನಿಗೆ ಪ್ರಶ್ನೆ ಯಾಕೆ? ಮಹಡಿಯ ಮೇಲೆ ಬಿಸಿಲಿಗೆ ಹರವಿದ. ಎರಡು ದಿನ ನಿಂಬೆಯ ಘಮ, ಮೂರನೆಯ ದಿನ ಮತ್ತೆ ಅದೇ ನಾತ.

ನಾಲ್ಕನೆಯ ಭಾನುವಾರ ಸೀಟಿನ ಮೇಲಿಂದ ಕಾಲಡಿಯವರೆಗೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಮೂಲೆಗಳನ್ನು ನೀಟಾಗಿ ಸಿಕ್ಕಿಸಿದ. ಮಾವ ಕಾರಿನ ಬಾಗಿಲು ತೆರೆದು ನಿಂತರು. ಗಿರಾಕಿ ತಂದ ಬಟ್ಟೆಯನ್ನು ಪರೀಕ್ಷಿಸುವಂತೆ ಹಾಳೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಇದು ಯಾಕೆ?"

"ಸೀಟು ತೊಳೆದಿದ್ದೆ ಮಾವ. ಇನ್ನೂ ಹಸಿ ಇದೆ."

ಮಾವ ತಮ್ಮ ಪ್ಯಾಂಟಿನ ಅಂಚನ್ನೊಮ್ಮೆ ಬಗ್ಗಿ ನೋಡಿಕೊಂಡರು. ಆಮೇಲೆ ಒಳಗೆ ಕೂತರು. ದಾರಿಯುದ್ದಕ್ಕೂ ಪ್ಲಾಸ್ಟಿಕ್ಕು ಸರಪರ ಅನ್ನದಂತೆ, ಮೊಣಕಾಲು ಜೋಡಿಸಿಕೊಂಡು, ಉಸಿರು ಬಿಗಿಹಿಡಿದವರ ಹಾಗೆ.

ಅದರ ಮುಂದಿನ ಭಾನುವಾರ ಮಂಡಿನೋವು ಎಂದು ಫೋನ್ ಬಂತು. ಆಮೇಲಿನ ವಾರ ಅರ್ಜೆಂಟ್ ಕೋಟು. ಊಟದ ಕ್ಯಾರಿಯರ್ ಹಿಡಿದು ಹೆಂಡತಿ ನಡೆದೇ ಹೋಗಿಬರತೊಡಗಿದಳು. ಇತ್ತ ಕಾರ್ಪೆಟ್ಟು ಒಣಗಿತು, ನಾತ ಹೋಯಿತು. ಇನ್ನೇನು ಸಾಕ್ಷಿ ಬೇಕು?

ಎರಡು ತಿಂಗಳು ಕಳೆಯಿತು. ಬಿಸಿಲಿಗೆ ತಲೆ ಸಿಡಿಯುತ್ತಿದ್ದ ಒಂದು ಮಧ್ಯಾಹ್ನ ಕೆಲಸದಿಂದ ಒಬ್ಬನೇ ಬರುವಾಗ ಏಸಿ ಹಾಕಿಕೊಂಡ. ಮನೆಯ ಮುಂದೆ ನಿಲ್ಲಿಸಿ, ಪಕ್ಕದ ಸೀಟಿನ ಕಾಲಡಿ ಇಟ್ಟಿದ್ದ ಉಪಕರಣಗಳ ಚೀಲವನ್ನು ಎತ್ತಿದ. ಚೀಲದ ತಳದಿಂದ ನೀರು ತೊಟ್ಟಿಕ್ಕಿತು.

ಆ ಸೀಟಿನಲ್ಲಿ ಅಂದು ಕೂತವರು ಯಾರೂ ಇರಲಿಲ್ಲ.

ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಅಂಗಾತ ಮಲಗಿ, ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ. ಏಸಿಯ ನೀರನ್ನು ಕಾರಿನಾಚೆ ಬಿಡಬೇಕಾದ ಬೆರಳು ಗಾತ್ರದ ರಬ್ಬರ್ ಪೈಪು ಕಳಚಿ ಜೋತಾಡುತ್ತಿತ್ತು. ಬೇಸಿಗೆಗೆ ಮುಂಚೆ, ಒಣಗಿದ ಎಲೆ ಸಿಕ್ಕಿಕೊಂಡಿದೆ ಎಂದು ಗಾಳಿಯ ಫ್ಯಾನನ್ನು ಬಿಚ್ಚಿ ಜೋಡಿಸಿದವನು ಇವನೇ. ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯನ್ನು ನೆಲಕ್ಕೆ ಬಗ್ಗಿಸಿದ. ಆ ಪೈಪಿನ ಕ್ಲಿಪ್ಪು ಸಿಕ್ಕಲು ಹೆಚ್ಚು ಹುಡುಕಬೇಕಾಗಲಿಲ್ಲ. ಪೈಪು ತೂರಿಸಿ ಕ್ಲಿಪ್ಪು ಹಾಕಲು ಎರಡು ನಿಮಿಷವೂ ಹಿಡಿಯಲಿಲ್ಲ.

ಕೈ ಕೂಡ ತೊಳೆಯದೆ ಅದೇ ಕಾರಿನಲ್ಲಿ ಮಾವನ ಕೋಣೆಗೆ ಹೋದ. ಅವರು ಮಷಿನ್ನಿನ ಮುಂದೆ ಕೂತು, ಬಿಳಿಯ ಹತ್ತಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅಂಚು ಹೊಲಿಯುತ್ತಿದ್ದರು. ಅಂಥವೇ ಏಳೆಂಟು ಪಕ್ಕದಲ್ಲಿ ಒಂದರ ಮೇಲೊಂದು. ಇವನನ್ನು ಕಂಡಕೂಡಲೇ ಮೇಲೊಂದು ಪೇಪರ್ ಎಳೆದರು. ಅಷ್ಟರಲ್ಲಿ ಅವನಿಗೆ ಅವು ಏನೆಂದು ಅರ್ಥವಾಗಿತ್ತು. ಪ್ಯಾಂಟಿನೊಳಗೆ ಕಟ್ಟಿಕೊಳ್ಳಲು, ತಮ್ಮ ಅಳತೆಗೆ ತಾವೇ, ಗಿರಾಕಿಯ ಬಟ್ಟೆಯಷ್ಟೇ ಚೊಕ್ಕವಾಗಿ.

ಅವನು ನಿಂತೇ ಎಲ್ಲ ಹೇಳಿದ. ಪೈಪು, ಕ್ಲಿಪ್ಪು, ಡಬ್ಬಿ, ತಾನು ಮನಸ್ಸಿನಲ್ಲಿ ಕಟ್ಟಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ಮಾವ ಕೊರಳ ಟೇಪನ್ನು ಬೆರಳಿಗೆ ಸುತ್ತುತ್ತ ಕೇಳಿದರು.

"ಮಗಳು ಹೇಳಿಕೊಟ್ಟು ಕಳಿಸಿದ್ಲಾ?"

"ಅವಳಿಗಿನ್ನೂ ಗೊತ್ತಿಲ್ಲ ಮಾವ. ಕೆಳಗೆ ಬನ್ನಿ, ತೋರಿಸ್ತೀನಿ."

ಈಗಷ್ಟೇ ಹಾಕಿದ್ದ ಕ್ಲಿಪ್ಪನ್ನು ಮತ್ತೆ ತೆಗೆದ. ಪೈಪು ಕಳಚಿದ. ಕಾಲಡಿಗೆ ಪೇಪರ್ ಹಾಸಿ ಏಸಿ ಹಚ್ಚಿದ. ಹತ್ತು ನಿಮಿಷ ಇಬ್ಬರೂ ಬಿಸಿಲಲ್ಲಿ ಕಾದರು. ಕೊನೆಗೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು, ಪೇಪರಿನ ಮೇಲೆ ಕಪ್ಪು ಕಲೆ ಹರಡಿತು. ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ನೀವು ಪೈಪ್ ಬಿಚ್ಚಿದ್ರಿ. ಅದಕ್ಕೇ ಬಂತು," ಎಂದರು.

"ಆಗಲೂ ಹೀಗೇ ಕಳಚಿಕೊಂಡಿತ್ತು ಮಾವ."

"ಇರಬಹುದು." ಗಿರಾಕಿಗೆ ಬಟ್ಟೆ ಸಾಲದೆಂದು ಹೇಳುವಷ್ಟೇ ಸಹಜವಾಗಿ ಹೇಳಿದರು: "ಆಮೇಲೆ ಹೆದರಿಕೇಲಿ ಎರಡು ಸಲ ನಿಜವಾಗ್ಲೂ ಆಯ್ತು ಅಳಿಯಂದ್ರೇ. ಮೊದಲು ಆಗಿರಲಿಲ್ಲ ಅಂತ ಈಗ ನಾನು ಹೇಗೆ ಹೇಳ್ಲಿ?"

ಲಿಫ್ಟು ಮಹಡಿಗಳ ನಡುವೆ ನಿಂತರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಇದಕ್ಕೆ ಯಾವ ಸ್ಪ್ಯಾನರೂ ಇರಲಿಲ್ಲ. ಭಾನುವಾರ ಬನ್ನಿ, ನಿಮ್ಮ ಕಾಲು ಹಿಡಿಯುತ್ತೇನೆ ಎಂದ. ಛೆ, ಅದೆಲ್ಲ ಯಾಕೆ, ಬರುತ್ತೇನೆ ಎಂದರು ಮಾವ.

ಬಂದರು. ಆದರೆ ಕಾರು ಹತ್ತಲಿಲ್ಲ. ನಾಲ್ಕೇ ಬೀದಿ, ನಡೆದರೆ ಮಂಡಿಗೂ ಒಳ್ಳೆಯದು ಎಂದರು. ಕಾರನ್ನು ಅಂಗಡಿಯ ಮುಂದೆಯೇ ಬಿಟ್ಟು ಅವನೂ ಜೊತೆಗೆ ನಡೆದ. ರಸ್ತೆ ಅಗೆದು ಹಾಕಿದ್ದರು; ಮಾವ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿದ್ದರು. ಎರಡನೆಯ ಬೀದಿಯ ತಿರುವಿನಲ್ಲಿ ಉಸಿರು ಕಟ್ಟಿತು. ನಿಂತರು. ದಣಿದು ನಿಂತದ್ದಲ್ಲ ಎಂಬಂತೆ ಬೂಟಿನಂಗಡಿಯ ಗಾಜಿನೊಳಗೆ ದೃಷ್ಟಿ ನೆಟ್ಟರು. ಅವರ ಎದೆಯೊಳಗಿನ ಸಿಳ್ಳು ಅವನಿಗೆ ಕೇಳುತ್ತಿತ್ತು. ಕೇಳದವನಂತೆ ಅವನೂ ಪಕ್ಕದಲ್ಲಿ ನಿಂತು, ತನಗೆ ಬೇಡದ ಬೂಟುಗಳನ್ನು ಒಂದೊಂದಾಗಿ ನೋಡತೊಡಗಿದ.