ಸಪ್ಪಳ ಬೇರೆ, ಓಟ ಬೇರೆ

ಯಾರು ಏನೇ ಹೇಳಲಿ, ಇಂಡಿ ಊರಿನ ನಿಂಬೆ ವ್ಯಾಪಾರಿ ಶ್ರೀಶೈಲಪ್ಪನವರು ಸೌಜನ್ಯಕ್ಕಾದರೂ ತಲೆಯಾಡಿಸಿದವರಲ್ಲ. ಎದುರಿನವರ ಮಾತು ಮುಗಿಯುವವರೆಗೆ, ಬಿಸಿಲಿಗೆ ಬಣ್ಣಗೆಟ್ಟ ಕರಿಕೋಟಿನ ಜೇಬಿನಲ್ಲಿ ಕೈಯಿಟ್ಟು ನೆಲ ನೋಡುತ್ತ ನಿಂತು, ಕಡೆಗೆ "ನೋಡೂಣು" ಎಂದು, ಎದುರುಗಾಳಿಯನ್ನು ಸೀಳುವವರಂತೆ ಒಂದು ಭುಜ ಮುಂದೆ ಮಾಡಿ ನಡೆದುಬಿಡುತ್ತಿದ್ದರು. ಆ ಒಂದು ಪದವನ್ನು ಸಹಿಸಿಕೊಂಡೇ ಅವರ ಹೆಂಡತಿ ಸಿದ್ದಲಿಂಗವ್ವ ಸಂಸಾರ ನಡೆಸಿದ್ದರು.

ಎರಡು ಸಾವಿರದ ಮೂರರ ಸುಮಾರಿಗೆ ಶ್ರೀಶೈಲಪ್ಪನವರ ತಮ್ಮ ಅನೀಲಕುಮಾರ ಸಿಂದಗಿಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ತೆರೆಯಲು ಹೊರಟ. ಕಂಪನಿಯ ಕಾಗದದ ಏರ್ ಫಿಲ್ಟರ್ ಕಿತ್ತು, ಪುಣೆಯಿಂದ ತರಿಸಿದ ಅಗಲಬಾಯಿಯ ಫಿಲ್ಟರನ್ನೂ ದಪ್ಪ ಕೊಳವೆಯನ್ನೂ ಕೂರಿಸಿದರೆ ಎಂಜಿನ್ನಿನ ಶಕ್ತಿ ಉಕ್ಕುತ್ತದೆಂಬುದು ಅವನ ದೃಢವಿಶ್ವಾಸ. ಮೊದಲು ಅಣ್ಣನ ಕಾರಿಗೇ ಹಾಕಿಸಿದ. ಕಾರು ಗೂಳಿಯಂತೆ ಗುಟುರು ಹಾಕಿತು.

"ಅಣ್ಣಾ, ಛಲೋ ಐತಿ ಅಂತ ನೀ ಒಂದ್ ಮಾತು ಅಂದ್ರ ಸಾಕು. ಮಂದಿ ನಿನ್ನ ನಂಬ್ತಾರ."

"ನೋಡೂಣು."

ನಿಡಗುಂದಿ ದಾರಿಯ ಏರಿನಲ್ಲಿ ಬೇಸಿಗೆಯುದ್ದಕ್ಕೂ ಪರೀಕ್ಷೆ ನಡೆಯಿತು. ಅದೇ ಕಾರು, ಅಷ್ಟೇ ನಿಂಬೆಚೀಲಗಳು; ಒಮ್ಮೆ ಹಳೆಯ ಫಿಲ್ಟರ್, ಒಮ್ಮೆ ಹೊಸದು. ಗಡಿಯಾರ ಹಿಡಿದು ಪಕ್ಕದಲ್ಲಿ ಕುಳಿತ ಸಿದ್ದಲಿಂಗವ್ವನೇ ಮೊದಲು ಅಂದದ್ದು: "ಸಪ್ಪಳ ಏರೇತಿ ನೋಡ್ರಿ, ದಿಬ್ಬ ಹತ್ತೂ ಹೊತ್ತು ಇಳಿದಿಲ್ಲ." ಬಾಗೇವಾಡಿಯ ಮಣ್ಣುರಸ್ತೆಯಿಂದ ಮರಳಿದ ದಿನ ಶ್ರೀಶೈಲಪ್ಪನವರು ಹೊಸ ಫಿಲ್ಟರಿನಾಚೆಯ ಕೊಳವೆಯೊಳಗೆ ದೋತರದ ಚುಂಗು ತೂರಿಸಿ ಒರೆಸಿದರು, ಎರೆಮಣ್ಣಿನ ನುಣ್ಣನೆಯ ಧೂಳು ಅಂಟಿ ಬಂತು. ಹಳೆಯ ಫಿಲ್ಟರ್ ಇದ್ದಾಗ ಬಟ್ಟೆ ಬೆಳ್ಳಗೇ ಇತ್ತು.

ತಾಯಿಯಿಲ್ಲದ ಮೈದುನನನ್ನು ಸಾಕಿ ಬೆಳೆಸಿದ ಸಿದ್ದಲಿಂಗವ್ವ ಬೇಡಿಕೊಂಡರು: "ಅಂವನ ಮನಸ್ಸು ಮುರೀಬ್ಯಾಡ್ರಿ."

"ಮನಸ್ಸು ಮತ್ತ ಕೂಡ್ತೈತಿ. ಸವದ ಎಂಜಿನ್ ಕೂಡೂದಿಲ್ಲ."

ತಮ್ಮನಿಗೂ ಹೇಳಿದರು, ಅವನು ಕೇಳಲಿಲ್ಲ. ಅಂಗಡಿಯ ಪೂಜೆಯ ದಿನ ಗಿರಾಕಿಯೊಬ್ಬ ಎಲ್ಲರೆದುರು ಶ್ರೀಶೈಲಪ್ಪನವರನ್ನೇ ಕೇಳಿದ: "ಇದರಿಂದ ತಾಕತ್ತು ಹೆಚ್ಚಾಗ್ತೈತೇನ್ರಿ?"

"ಇಲ್ರಿ. ಸಪ್ಪಳ ಹೆಚ್ಚಾಗ್ತೈತಿ. ನಮ್ಮ ಧೂಳಿಗೆ ಕಂಪನೀದ ಫಿಲ್ಟರೇ ಛಲೋ. ಅದನ್ನ ಹೊತ್ತಿಗೆ ಸರಿಯಾಗಿ ಬದಲಸ್ರಿ."

ಅಂದಿನಿಂದ ಅನೀಲಕುಮಾರ ಅಣ್ಣನೊಡನೆ ಮಾತು ಬಿಟ್ಟ. ಅಣ್ಣ ಮಾತ್ರ ಪ್ರತಿ ಸಂತೆಗೂ ಸಿಂದಗಿಗೆ ಹೋಗಿ, ಯಾರೂ ಕರೆಯದಿದ್ದರೂ ಆ ಅಂಗಡಿಯ ಸ್ಟೂಲಿನ ಮೇಲೆ ಸಂಜೆಯವರೆಗೆ ಕೂತು ಬರುತ್ತಿದ್ದರು. ಚಳಿಗಾಲ ಕಳೆಯಿತು. ಒಂದು ಸಂತೆಯ ದಿನ ಇನ್ನೊಬ್ಬ ಗಿರಾಕಿ ಅದೇ ಪ್ರಶ್ನೆ ಕೇಳಿದಾಗ, ಅಣ್ಣ ಬಾಯಿ ತೆರೆಯುವ ಮೊದಲೇ ಅನೀಲಕುಮಾರ ಕಪಾಟಿನಿಂದ ಕಂಪನಿಯ ಕಾಗದದ ಫಿಲ್ಟರ್ ಇಳಿಸಿ, "ಇದನ್ನ ಒಯ್ರಿ" ಎಂದ. ಆಮೇಲೆ ಚಹಾದ ಕಪ್ಪನ್ನು ಅಣ್ಣನತ್ತ ಸರಿಸಿದ.

ಇಂಥವರೊಡನೆ ಬಾಳುವುದು ಮನೆಯವರಿಗೆ ಸುಲಭವಲ್ಲ. ಇವರ ವಾತ್ಸಲ್ಯ ಬಹುಕಾಲ ವಿರೋಧದಂತೆಯೇ ಕಾಣುತ್ತದೆ. ನಮ್ಮ ಸಂಭ್ರಮ ಕೆಡಿಸಿದ ಮೇಲೂ ಎದ್ದುಹೋಗದೆ ನಮ್ಮ ಬಾಗಿಲಲ್ಲೇ ಕೂತಿರುತ್ತಾರಲ್ಲ, ಆ ವಾತ್ಸಲ್ಯದ ಆಳ ತಿಳಿಯುವುದು ಅಲ್ಲಿಯೇ.